ಹಗ್ಗ ತಿರುಗಿಸಿದವರ ಹೆಸರೆಲ್ಲಿ?

ಮಾನ್ಯ ಕ್ರೀಡಾಧಿಕಾರಿಗಳೇ,

ತಾವು ನಡೆಸುವ ಜೋಡಿಹಗ್ಗದ ಸ್ಪರ್ಧೆಯಲ್ಲಿ ಜಿಗಿಯುವವರಿಗೆ ಪದಕವಿದೆ, ಪ್ರಮಾಣಪತ್ರವಿದೆ, ಕಚೇರಿಯ ಗೋಡೆಯ ಮೇಲೆ ಫೋಟೊ ಕೂಡ ಇದೆ. ಎದುರುಬದುರು ನಿಂತು ಹಗ್ಗ ತಿರುಗಿಸುವ ಇಬ್ಬರಿಗೆ ತಮ್ಮ ನಮೂನೆಯಲ್ಲಿ ಒಂದು ಸಾಲೂ ಇಲ್ಲ. ಹಗ್ಗಗಳು ತಾವಾಗಿಯೇ ತಿರುಗುತ್ತವೆಂದು ಇಲಾಖೆ ನಂಬಿದೆಯೇ? ದಯಮಾಡಿ ಒಮ್ಮೆ ಹಿಡಿದು ನೋಡಿ. ಎರಡು ಕೈಗೆ ಎರಡು ತುದಿ. ಒಂದು ಹಗ್ಗ ಮೇಲೇರುವಾಗ ಇನ್ನೊಂದು ನೆಲ ಸವರಬೇಕು. ಕೂದಲೆಳೆಯಷ್ಟು ತಾಳ ತಪ್ಪಿದರೂ ನಡುವೆ ಜಿಗಿಯುವವರ ಕಾಲಿಗೆ ಸುತ್ತಿಕೊಳ್ಳುತ್ತದೆ.

ನಾನು ದರ್ಜಿ. ಆರು ವರ್ಷದಿಂದ ತಂಗಿಗೆ ಹಗ್ಗ ತಿರುಗಿಸುತ್ತಿದ್ದೇನೆ. ಎದುರು ತುದಿಯಲ್ಲಿ ನೆರೆಮನೆಯ ನರ್ಸಮ್ಮ. ಮುಚ್ಚಿಡುವುದೇಕೆ, ತಂಗಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವಳ ನಾಲ್ಕನೇ ಪದಕವನ್ನು ಅಮ್ಮ ನನ್ನ ಹೊಲಿಗೆಯಂತ್ರದ ಮೇಲಿನ ಮೊಳೆಗೇ ತೂಗುಹಾಕಿ, "ಇವಳೂ ಜೊತೆಗೆ ಹೋಗ್ತಾಳೆ, ಬ್ಯಾಗ್ ಹಿಡ್ಕೊಳ್ಳೋಕೆ" ಎಂದು ನೆಂಟರಿಗೆ ಪರಿಚಯಿಸಿದರು. ಅಂದು ನಾನು ಹೊಲಿದ ಮೂರು ರವಿಕೆ ತೋಳುಗಳನ್ನೂ ಬಿಚ್ಚಿ ಮತ್ತೆ ಹೊಲಿಯಬೇಕಾಯಿತು.

ಕಳೆದ ತಿಂಗಳು ತಮ್ಮ ಸಭಾಂಗಣದಲ್ಲಿ ಅಂತಿಮ ಸುತ್ತು. ತಾವು ಮುಂದಿನ ಸಾಲಿನಲ್ಲಿದ್ದಿರಿ. ತಂಗಿಯ ಕಾಲು ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ಎಂಬಂತಿತ್ತು. ಜನ ಅವಳನ್ನೇ ನೋಡಿ ಚಪ್ಪಾಳೆ ತಟ್ಟಿದರು. ಆಗ ನಾನು ಎಡಗೈಯನ್ನು ಬೇಕೆಂದೇ ತುಸು ಸಡಿಲಿಸಿದೆ. ಅವಳು ಮುಗ್ಗರಿಸಿ ಬಿದ್ದಳು. ಮೊಣಕಾಲು ತರಚಿತು.

ನರ್ಸಮ್ಮ ನನ್ನ ಮುಖವನ್ನೇ ನೋಡಿದರು. ತೀರ್ಪುಗಾರರು ಕೇಳಿದಾಗ ತಂಗಿ, "ನಂದೇ ತಪ್ಪು ಸಾರ್, ಕಾಲು ತಡವಾಯ್ತು" ಎಂದಳು. ತಾವು ಅದನ್ನೇ ಬರೆಸಿದಿರಿ: 'ಜಿಗಿದವರ ದೋಷ.' ಬೇರೆಯವರ ದೋಷ ಬರೆಯಲು ನಮೂನೆಯಲ್ಲಿ ಜಾಗವಾದರೂ ಎಲ್ಲಿತ್ತು?

ಮನೆಗೆ ಬರುವ ಬಸ್ಸಿನಲ್ಲಿ ನಾನೇ ಬಾಯಿಬಿಟ್ಟೆ.

"ಗೊತ್ತು ಕಣಕ್ಕ," ಎಂದಳು ತಂಗಿ, ತರಚಿದ ಮೊಣಕಾಲಿಗೆ ಉಫ್ ಎಂದು ಊದುತ್ತಾ. "ಆರು ವರ್ಷದಲ್ಲಿ ನಿನ್ ಕೈ ಒಂದ್ಸಲಾನೂ ತಪ್ಪಿಲ್ಲ. ಅದು ತಾನಾಗಿ ತಪ್ಪೋ ಕೈ ಅಲ್ಲ."

ನನ್ನ ಕೆಲಸಕ್ಕೆ ಸಿಕ್ಕ ಮೊದಲ ಹೊಗಳಿಕೆ ಅದು. ಆಗಲೂ ನನಗೆ ಅಸೂಯೆಯೇ ಆಯಿತೆಂದರೆ ನಂಬುತ್ತೀರಾ? ಕಾಲಿನ ಚುರುಕೂ ಅವಳಿಗೇ, ದೊಡ್ಡ ಮನಸ್ಸೂ ಅವಳಿಗೇ ಸಿಗಬೇಕೇ?

ಆದ್ದರಿಂದ ನನ್ನ ಆಗ್ರಹ: ನಮೂನೆಯಲ್ಲಿ ತಿರುಗಿಸುವವರಿಗೆ ಎರಡು ಸಾಲು ಸೇರಿಸಿ. ಪದಕದ ಮಾತು ಆಮೇಲೆ ಆಡೋಣ. ಮೊದಲು ಕಳೆದ ತಿಂಗಳ ಕಡತ ತೆರೆಸಿ, ತಂಗಿಯ ಹೆಸರಿನ ಮುಂದಿರುವ ಆ ದೋಷವನ್ನು ಹೊಡೆದುಹಾಕಿ, ನನ್ನ ಹೆಸರಿಗೆ ಬರೆಯಿರಿ. ಅದು ನಾನು ಮಾಡಿದ ಕೆಲಸ.

ಇಂತಿ,
ಸರಿಯಾಗಿ ತಿರುಗಿಸಿದಷ್ಟು ದಿನ ಯಾರ ಕಣ್ಣಿಗೂ ಬೀಳದಿದ್ದ
ದರ್ಜಿ ಅಕ್ಕ