ಮೇಜಿನ ಕೆಳಗಿನ ಕೆಂಡ

ಸೆವಿಲ್ಯ
೯ ಜನವರಿ ೧೯೭೫

ಮಗಳು ಬೆಗೋನ್ಯಳಿಗೆ ಗಾಸ್ಪರ್ ಚಿಕ್ಕಪ್ಪನ ಪ್ರೀತಿಯ ಆಶೀರ್ವಾದಗಳು.

ನಿನ್ನ ಕಾಗದ ಶನಿವಾರ ಕೈಸೇರಿತು. ಬರುವ ತಿಂಗಳು ಅಜ್ಜಿಗೆ ತೊಂಬತ್ತು ತುಂಬುವ ದಿನಕ್ಕೆ ಅಪ್ಪನನ್ನು ಕರೆತರುತ್ತೇನೆ, ಪೆಟ್ಟಿಗೆಗೆ ಎಂಥ ಬಟ್ಟೆ ತುಂಬಲಿ ಎಂದು ಕೇಳಿದ್ದೀಯ. ಕೇಳಬೇಕಾದವನನ್ನೇ ಕೇಳಿದೆ. ಹಳ್ಳಿ ಶಾಲೆಯಲ್ಲಿ ನಾಲ್ಕೇ ತರಗತಿ ಓದಿದವನಾದರೂ ಈ ನಗರದ ಗಾಳಿ ಬಿಸಿಲಿನ ವಿಷಯದಲ್ಲಿ ರೇಡಿಯೋದವರಿಗೆ ಪಾಠ ಹೇಳಬಲ್ಲೆ. ಹೋದ ವರ್ಷ ಅವರು ಮಳೆ ಎಂದ ದಿನ ನಾನು ಬಿಳಿ ಪ್ಯಾಂಟು ತೊಟ್ಟು ಸೇತುವೆ ದಾಟಿದೆ. ಒಂದು ಹನಿ ಬೀಳಲಿಲ್ಲ.

ಉತ್ತರದ ಬಿಲ್ಬಾವೊದಲ್ಲಿ ಹುಟ್ಟಿದ ನೀನು ದಕ್ಷಿಣವೆಂದರೆ ಸದಾ ಬೆಚ್ಚಗೆ ಎಂದುಕೊಂಡಿರಬೇಕು. ಫೆಬ್ರವರಿಯಲ್ಲಿ ನಾವು ಮಧ್ಯಾಹ್ನ ಬೀದಿಯಲ್ಲಿ ಕೋಟು ಕಳಚಿ ತೋಳಿಗೆ ಹಾಕಿಕೊಳ್ಳುತ್ತೇವೆ, ಮನೆಯೊಳಗೆ ಬಂದು ತೊಟ್ಟುಕೊಳ್ಳುತ್ತೇವೆ. ಇಲ್ಲಿಯ ಮನೆಗಳನ್ನು ಕಟ್ಟಿದ್ದೇ ಬೇಸಿಗೆಗೆ. ಚಳಿಗಾಲದಲ್ಲಿ ನೆಲ, ಗೋಡೆ ಎಲ್ಲ ಬಾವಿಯ ಒಳಗಿನಂತೆ. ಬೆಚ್ಚಗಿರುವುದು ಒಂದೇ ಜಾಗ. ದುಂಡು ಮೇಜಿನ ಕೆಳಗೆ ಕೆಂಡದ ತಟ್ಟೆ ಇಟ್ಟು, ಮೇಲಿಂದ ನೆಲದವರೆಗೆ ದಪ್ಪ ಹೊದಿಕೆ ಇಳಿಬಿಟ್ಟು, ಅದರೊಳಗೆ ಕಾಲು ತೂರಿಸಿ ಎಲ್ಲರೂ ಸುತ್ತ ಕೂರುತ್ತೇವೆ. ಸಿಟ್ಟಾಗಿ ಎದ್ದು ಹೋದವನು ನಡುಗುತ್ತ ತಿರುಗಿ ಬರುತ್ತಾನೆ.

ಈಗ ನನ್ನ ಉಪಾಯ ಕೇಳು. ನಿಮ್ಮಪ್ಪನ ಪೆಟ್ಟಿಗೆಗೆ ತೆಳು ಅಂಗಿಗಳನ್ನಷ್ಟೇ ಹಾಕು. ಮೈಮೇಲೆ ಮಳೆಯಂಗಿ ಸಾಕು. ಹೊರಡುವ ಗಡಿಬಿಡಿಯಲ್ಲಿ ದಪ್ಪ ಕೋಟು ಗೂಟದಲ್ಲೇ ಉಳಿಯಿತು ಎಂದುಬಿಡು. ಎಂಟು ವರ್ಷದಿಂದ ನನ್ನೊಡನೆ ಮಾತು ಬಿಟ್ಟ ಅಣ್ಣ, ನಾಲ್ಕು ವರ್ಷದ ಕೆಳಗೆ ಬಂದಾಗ ಆ ಕೋಟು ತೊಟ್ಟು ಮೂರು ದಿನ ಕಿಟಕಿಯ ಹತ್ತಿರ ನಿಂತೇ ಉಂಡ.

ಅಜ್ಜಿ, "ಬಾರೋ ಸೆರ್ವಾಂದೊ, ಕೂತ್ಕೊ. ಮೇಜೇನು ಕಚ್ಚಲ್ಲ" ಎಂದಳು.

"ಮೇಜು ಕಚ್ಚಲ್ಲಮ್ಮ, ಅಲ್ಲಿ ಕೂತಿದೆಯಲ್ಲ, ಅದು ಕಚ್ಚುತ್ತೆ" ಎಂದ.

ನಾನು ಬಿಡುತ್ತೇನೆಯೇ? "ಬಿಡಮ್ಮ, ಕಾರ್ಖಾನೇಲಿ ದಿನಾ ಉಕ್ಕು ಕಾಯಿಸೋನಿಗೆ ಚಳಿ ಎಲ್ಲಿಂದ ಬರ್ಬೇಕು" ಎಂದೆ.

"ಇಬ್ರೂ ಬಾಯಿ ಮುಚ್ಕೊಳ್ರೋ. ಮೀಸೆ ನರೆತ್ರೂ ಬುದ್ಧಿ ಬರ್ಲಿಲ್ಲ" ಎಂದು ಅಜ್ಜಿ ಬೈದಳು.

ಅವಳಿಗೆ ಈಗಿರುವ ಆಸೆ ಒಂದೇ, ಇಬ್ಬರು ಮಕ್ಕಳೂ ಒಂದು ಸಲ ಆ ಮೇಜಿಗೆ ಕೂತು ಉಣ್ಣಬೇಕು. ತೆಳು ಅಂಗಿಯಲ್ಲಿ ಬಂದರೆ ಅರ್ಧ ಗಂಟೆಯೊಳಗೆ ಅವನನ್ನು ಕೂರಿಸುವ ಭಾರ ನನ್ನದು.

ಅವನ ಸಿಟ್ಟಿನ ಕಾರಣ ನಿನಗೆ ಗೊತ್ತೇ ಇದೆ. ಎಂಟು ವರ್ಷದ ಹಿಂದೆ ತಾತ ತೀರಿಕೊಂಡದ್ದು ಆಗಸ್ಟ್‌ನಲ್ಲಿ. ಆ ಸೆಕೆಯಲ್ಲಿ ಇಲ್ಲಿ ಹೆಣ ಇಟ್ಟುಕೊಂಡು ಕೂರುವುದಿಲ್ಲ, ಮಾರನೆಯ ಬೆಳಗ್ಗೆಯೇ ಮಣ್ಣು. ತಂತಿ ಕಳಿಸಿದ್ದೆ. ಅವನು ಬಂದು ಇಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸೆಕೆಗೆ ನಾನೇನು ಮಾಡಲಿ?

ನಿನಗೆ ಮಾತ್ರ ಎರಡು ಸ್ವೆಟರ್, ಉಣ್ಣೆಯ ಕಾಲುಚೀಲ ಇರಲಿ. ಅಜ್ಜಿ ಕಿತ್ತಳೆ ಸಿಪ್ಪೆಯನ್ನು ಘಮಕ್ಕೆಂದು ಕೆಂಡಕ್ಕೆ ಹಾಕಲು ಈಗಿನಿಂದಲೇ ಒಣಗಿಸುತ್ತಿದ್ದಾಳೆ.

ನಿಮ್ಮ ದಾರಿ ಕಾಯುವ
ಗಾಸ್ಪರ್ ಚಿಕ್ಕಪ್ಪ

ಬಿಟ್ಟ ಮಾತು: ಕಾಗದವನ್ನು ಅಂಚೆಗೆ ಹಾಕದೆ ಎರಡು ದಿನ ಇಟ್ಟುಕೊಂಡಿದ್ದೆ. ನಿಮ್ಮಪ್ಪನ ದಪ್ಪ ಕೋಟು ತುಂಬು. ತಾತ ತೀರಿಕೊಂಡದ್ದು ಬೆಳಗ್ಗೆ ಆರಕ್ಕೆ, ನಾನು ತಂತಿ ಕಳಿಸಿದ್ದು ಸಂಜೆಗೆ. ಮಂಜುಗಡ್ಡೆ ತರಿಸಿ ಇನ್ನೊಂದು ದಿನ ಕಾಯೋಣ ಎಂದು ಪಾದ್ರಿ ಹೇಳಿದ್ದರು. ಬೇಡವೆಂದವನು ನಾನು. ಶವಪೆಟ್ಟಿಗೆಯ ಮುಂದಿನ ಹೆಗಲು ಹಿರಿಮಗನದು, ಅವನಿಲ್ಲದಿದ್ದರೆ ನನ್ನದು. ಇದನ್ನು ರೈಲು ಹತ್ತುವ ಮೊದಲೇ ಅವನಿಗೆ ಓದಿ ಹೇಳು. ಆಮೇಲೂ ಬರುವುದಾದರೆ, ನಿಂತೇ ಉಣ್ಣಲಿ.