ಉಳವಪ್ಪ ತೋರಿಸದ ಬೆರಳು

ನವೆಂಬರ್ ೧೧, ಸೋಮವಾರ, ಮಧ್ಯಾಹ್ನ

ಅತ್ತೆ ಎಲೆಯಡಿಕೆ ಹಾಕಿಕೊಂಡು ಜಗುಲಿಯಲ್ಲಿ ಕೂತಿದ್ದಾರೆ. ಮನೆ ತಣ್ಣಗಿದೆ. ಬರೆಯಲು ಹೊತ್ತು ಸಿಕ್ಕಿತು.

ಪ್ರಶಾಂತ ಅವರ ಫೋನ್ ಬಂದಿತ್ತು. ಟಿವಿಯ 'ಪತ್ತೇದಾರ ಉಳವಪ್ಪ'ನಿಗೆ ಕಥೆ ಆರಿಸುವವರು. ನನ್ನ ಮೊದಲ ಎಪಿಸೋಡ್ ಅರ್ಧ ಹಿಡಿಸಿದೆಯಂತೆ. ಇನ್ನರ್ಧ?

"ನಿಮ್ಮ ಹಾನಗಲ್ ಭಾಷೆ ಚೆನ್ನಾಗಿದೆ ಮೇಡಂ. ಕಾಮಿಡಿನೂ ಇದೆ. ಆದ್ರೆ ನಿಯಮ ನಿಯಮಾನೇ. ಕಳ್ಳ ಮೊದಲ ಸೀನ್‌ನಲ್ಲೇ ಬಂದು ಹೋಗಿರಬೇಕು, ಯಾರಿಗೂ ಗುಮಾನಿ ಬರಬಾರದು. ಎಲ್ರೂ ಬೈಯೋರು ಕಳ್ಳರಾಗಿರಬಾರದು. ಕೊನೆಗೆ ಎಲ್ರನ್ನೂ ಒಂದೇ ಕೋಣೇಲಿ ಕೂರಿಸಿ ಉಳವಪ್ಪ ಬೆರಳು ತೋರಿಸಬೇಕು. ಕಾನ್‌ಸ್ಟೇಬಲ್ ಮೈಲಾರಪ್ಪ ಏನಾದ್ರೂ ಬೀಳಿಸಬೇಕು."

ಮೈಲಾರಪ್ಪನಿಂದ ಬೀಳಿಸುವುದು ಸಲೀಸು. ಬೆರಳು ತೋರಿಸುವ ಸೀನೇ ಕೂಡಿಬರುತ್ತಿಲ್ಲ. ಬರೆದದ್ದೆಲ್ಲ ಸುಳ್ಳು ಅನ್ನಿಸುತ್ತದೆ.

ನಾದಿನಿ ಶೀಲಾ ಸವಣೂರಿನಿಂದ ಬಂದಳು. ಗುರುವಾರ ಅವಳ ಸೀಮಂತದ ಕುಬಸ. ತುಂಬು ಬಸುರಿಯಾದರೂ ತಾಯಿಗೆಂದು ಸವಣೂರಿನ ಎಲೆಯ ಕಟ್ಟು ತಂದಿದ್ದಾಳೆ. ಅತ್ತೆ ಮಗಳಿಗಿಂತ ಮೊದಲು ಎಲೆಯ ಮೈ ಸವರಿದರು!

ನವೆಂಬರ್ ೧೪, ಗುರುವಾರ, ಸಂಜೆ

ಕುಬಸ ಚೆಂದಾಯಿತು. ಹಸಿರು ಸೀರೆ, ಕೈತುಂಬ ಹಸಿರು ಬಳೆ. ಶೀಲಾಳನ್ನು ನೋಡಿ ನನಗೇ ಕಣ್ಣು ತುಂಬಿತು.

ಆದರೆ ಅತ್ತೆಯ ಮುತ್ತಿನ ಬುಗುಡಿ ಕಾಣುತ್ತಿಲ್ಲ. ಅವರ ತಾಯಿ ಕೊಟ್ಟದ್ದು. ಕಿವಿ ನೋಯುತ್ತದೆಂದು ಊಟದ ಹೊತ್ತಿಗೆ ಬಿಚ್ಚಿದ್ದರು. ದೇವರ ಗೂಡಿನಲ್ಲಿಟ್ಟೆ ಅನ್ನುತ್ತಾರೆ. ಗೂಡು ಖಾಲಿ. ಹಾಸಿಗೆ ಕೊಡವಿ ಆಯಿತು, ಹೂವಿನ ಬುಟ್ಟಿ ಸುರುವಿ ಆಯಿತು…

ಎದುರುಮನೆಯ ಅಕ್ಕ ಎಲ್ಲರಿಗೂ ಕೇಳುವ ಹಾಗೆ ಅಂದಳು, "ದೇವರ ಕೋಲಿ ಕಸಾ ಹೊಡದಾಕಿ ಯಾರು? ಮೊದಲ ಆಕಿನ್ನ ಕೇಳ್ರಿ."

ಕಸ ಹೊಡೆದವಳು ಚೌಡವ್ವ. ನಾನು ಈ ಮನೆಗೆ ಸೊಸೆಯಾಗಿ ಬರುವ ಮೊದಲಿನಿಂದ ಇಲ್ಲಿ ಕೆಲಸಕ್ಕಿದ್ದಾಳೆ. ಹಿತ್ತಲಲ್ಲಿ ಪಾತ್ರೆ ತಿಕ್ಕುವ ಸದ್ದು ನಿಂತಿತು. ಆಕೆ ಅಂಥವಳಲ್ಲ ಎಂದು ನಾನಂದೆ. ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಅತ್ತೆ ಏನೂ ಅನ್ನಲಿಲ್ಲ. ಅದು ನನಗೆ ಚುಚ್ಚಿತು.

ನವೆಂಬರ್ ೧೬, ಶನಿವಾರ

ಎದುರುಮನೆಯವರು ಚೌಡವ್ವನಿಗೆ ಇನ್ನು ಕೆಲಸಕ್ಕೆ ಬರಬೇಡ ಅಂದರಂತೆ. ಅವರ ಪಕ್ಕದ ಮನೆಯವರೂ.

"ಯಕ್ಕಾರ, ನಿಮ್ಮ ಮನಸಿನ್ಯಾಗೂ ಹಂಗ ಇದ್ರ ಈಗ ಹೇಳಿಬಿಡ್ರಿ. ಈ ಓಣ್ಯಾಗ ಹೆಸರು ಕೆಟ್ಟರ ನಾ ಯಾರ ಬಾಗಲಿಗೆ ಹೋಗ್ಲಿ?"

"ನೀ ಅಲ್ಲಂತ ನನಗ ಗೊತ್ತೈತಿ."

"ನಿಮಗ ಗೊತ್ತಿದ್ರ ಏನಾತ್ರಿ? ಅವ್ವಾರು ಅನ್ನಬೇಕು."

ನನ್ನ ಬಳಿ ಇರುವ ಆಧಾರವಾದರೂ ಏನು? ಎಲ್ಲರೂ ಬೈಯುವವರು ಕಳ್ಳರಲ್ಲ — ಟಿವಿಯ ನಿಯಮ. ಓಣಿಗೆ ಹೋಗಿ ಹೇಳಿದರೆ ನಕ್ಕಾರು. ಕಳ್ಳ ಸಿಗಲೇಬೇಕು. ಎಪಿಸೋಡಿಗಲ್ಲ, ಚೌಡವ್ವನ ಸಲುವಾಗಿ.

ಅತ್ತೆ ಬೇಸರದಲ್ಲಿ ಎಲೆ ಹಾಕುವುದನ್ನೇ ಬಿಟ್ಟಿದ್ದಾರೆ. ಎಲೆಯಡಿಕೆಯ ಚಂಚಿ ಗೂಟಕ್ಕೆ ಜೋತುಬಿದ್ದಿದೆ. ಸವಣೂರಿನ ಕಟ್ಟು ಒದ್ದೆ ಬಟ್ಟೆಯಲ್ಲಿ ಹಾಗೇ ಇದೆ.

ನವೆಂಬರ್ ೧೮, ಸೋಮವಾರ, ಸಂಜೆ

ಇವತ್ತು ನಾನೇ ಉಳವಪ್ಪ. ಎಲ್ಲರನ್ನೂ ಪಡಸಾಲೆಯಲ್ಲಿ ಕೂಡಿಸಿದೆ — ಅತ್ತೆ, ಶೀಲಾ, ಇವರು, ಚೌಡವ್ವ. ಎದ್ದು ನಿಂತೆ. ಕೆಮ್ಮಿದೆ.

"ನಿಂತಗೊಂಡ ಏನ ಮಾತು? ಮೊದಲ ಚಾ ಇಡು," ಅಂದರು ಅತ್ತೆ.

ಚಹಾ ಆಯಿತು. ಜೊತೆಗೆ ಕುಬಸದ ಉಂಡಿ. ಬೆಲ್ಲ ಹೆಚ್ಚಾಗಿದೆ ಎಂದಳು ಶೀಲಾ, ಸರಿಯಾಗಿದೆ ಎಂದರು ಇವರು. ಅಣ್ಣ ತಂಗಿ ಅದರ ಮೇಲೇ ಜಗಳಕ್ಕೆ ಬಿದ್ದರು. ಕೈಯಾರೆ ಚಹಾ ಕೊಟ್ಟು, ಕುಡಿದ ಮೇಲೆ ಕಳ್ಳ ಅನ್ನುವುದು ಹೇಗೆ? ನಮ್ಮ ಕಡೆ ಆಗದ ಮಾತು. ಬೆರಳು ತೋರಿಸಬೇಕಾದ ಕೈಯಲ್ಲಿ ಚಹಾದ ಬಸಿ ಇತ್ತು.

ಇವರು ಏಳುವಾಗ ಕಪ್ಪು ಬೀಳಿಸಿ ಒಡೆದರು. ಮೈಲಾರಪ್ಪನ ಪಾಲಿನದಷ್ಟೇ ಸರಿಯಾಗಿ ನಡೆಯಿತು.

ಚೌಡವ್ವ ಚೂರು ಆರಿಸಿಕೊಂಡು ಹೋದಳು.

ನವೆಂಬರ್ ೨೦, ಬುಧವಾರ, ಬೆಳಿಗ್ಗೆ

ಶೀಲಾ ಹಟ ಹಿಡಿದಳು. "ಅವ್ವಾ, ಎಲಿ ಎಲ್ಲಾ ಹಳದಿ ಆಗಾಕತ್ತಾವ. ಒಂದರ ಹಾಕ್ಕೋ."

ಅತ್ತೆ ಚಂಚಿ ಇಳಿಸಿ ಸುಣ್ಣಕ್ಕೆಂದು ಕೈ ಹಾಕಿದರು. ಹಾಗೇ ಕೂತರು. ಚಂಚಿ ಮುಚ್ಚಿದರು.

"ಯಾಕ್ರಿ ಅತ್ತಿ?"

"ಏನಿಲ್ಲ. ಬಾಯಿ ರುಚಿ ಇಲ್ಲ."

ಸ್ವಲ್ಪ ಹೊತ್ತಿನ ಮೇಲೆ, "ರಂಜನಾ, ತೌಡಿನ ಬುಟ್ಟಿ ಇಡು. ಎದುರಮನಿಯಾಕಿನ್ನೂ ಕರಿ."

ಈ ಮನೆಯ ಹಳೇ ಪದ್ಧತಿ. ಏನಾದರೂ ಕಳೆದರೆ ಕತ್ತಲೆ ಕೋಣೆಯಲ್ಲಿ ಖಾಲಿ ಬುಟ್ಟಿ ಇಡುವುದು. ಒಬ್ಬೊಬ್ಬರೇ ಹೋಗಿ ಒಂದು ಹಿಡಿ ತೌಡು ಹಾಕಿ ಬರಬೇಕು. ತೆಗೆದವರು ತೌಡಿನ ಜೊತೆ ವಸ್ತುವನ್ನೂ ಬಿಟ್ಟು ಬರುತ್ತಾರೆ. ಯಾರೆಂದು ಕೇಳುವಂತಿಲ್ಲ.

ಅದೇ ದಿನ, ಸಂಜೆ

ಮೊದಲು ಚೌಡವ್ವ. ಹಾಕಿ ಬಂದಳು. ಅತ್ತೆ ಎದುರುಮನೆಯ ಅಕ್ಕನಿಗೆ, "ಹೋಗ, ಬುಟ್ಟ್ಯಾಗ ಕೈ ಆಡಿಸಿ ನೋಡಿ ಬಾ."

"ನಡುವ ನೋಡೂ ಪದ್ಧತಿ ಇಲ್ಲಲ್ರಿ, ಅವ್ವಾರ?"

"ಇವತ್ತ ಐತಿ. ನೋಡು."

ನೋಡಿ ಬಂದಳು. "ಬರೇ ತೌಡು."

"ಜೋರಾಗಿ ಹೇಳು."

"ಬರೇ ತೌಡು ಐತ್ರಿ!"

ಆಮೇಲೆ ಇವರು, ಶೀಲಾ, ನಾನು. ಕೊನೆಗೆ ಅತ್ತೆಯೂ ಮುಷ್ಟಿ ತುಂಬಿಕೊಂಡು ಎದ್ದರು.

"ಕಳಕೊಂಡವರು ನೀವು. ನೀವ್ಯಾಕ್ರಿ ಅತ್ತಿ?"

"ಎಲ್ಲಾರಿಗೂ ಒಂದ ಕಾಯ್ದೆ."

ಬುಟ್ಟಿಯನ್ನು ಬೆಳಕಿಗೆ ತಂದು ಕೈ ಹಾಕಿದೆ. ಬುಗುಡಿ! ಎರಡೂ!

ಎದುರುಮನೆಯ ಅಕ್ಕ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದಳು. ಚೌಡವ್ವನ ಮುಖವೊಂದನ್ನು ಬಿಟ್ಟು. ಅವಳನ್ನು ನೋಡಲು ಈಗ ಕಾರಣವೇ ಇರಲಿಲ್ಲ. ಆಮೇಲೆ ಮೆತ್ತಗೆ, "ಚೌಡವ್ವ, ನಾಳಿಂದ ಬಾರವಾ," ಅಂದಳು. ಚೌಡವ್ವ ಕಂಬಕ್ಕೆ ಒರಗಿ ಬಾಯಿಗೆ ಸೆರಗಿಟ್ಟುಕೊಂಡು ಅತ್ತಳು. ನನಗೂ ತಡೆಯಲಾಗಲಿಲ್ಲ.

ನವೆಂಬರ್ ೨೪, ಭಾನುವಾರ, ಮಧ್ಯಾಹ್ನ

ಎಪಿಸೋಡಿನ ಕೊನೆ ಬದಲಿಸಿ ಕಳಿಸಿದ್ದೆ. ಉಳವಪ್ಪ ಎಲ್ಲರನ್ನೂ ಕೂಡಿಸುತ್ತಾನೆ, ಬುಟ್ಟಿ ಇಡುತ್ತಾನೆ, ವಸ್ತು ಸಿಗುತ್ತದೆ, ಎಲ್ಲರೂ ಚಹಾ ಕುಡಿಯುತ್ತಾರೆ. ಅಷ್ಟೇ.

ಪ್ರಶಾಂತ ಅವರ ಫೋನ್. "ಮೇಡಂ, ಕಳ್ಳ ಯಾರು? ಉಳವಪ್ಪನಿಗಾದ್ರೂ ಗೊತ್ತಾ?"

"ಗೊತ್ತೈತ್ರಿ. ಹೇಳೂದಿಲ್ಲ."

"ನೋಡೋರು ರಿಮೋಟ್ ಎಸೀತಾರೆ."

"ಮೊದಲ ಸೀನಿನ್ಯಾಗ ಬಂದು ಹೋಗ್ಯಾರಲ್ರಿ? ಯಾರಿಗೂ ಗುಮಾನಿ ಬಂದಿಲ್ಲ. ನಿಮ್ಮ ನಿಯಮ ಬಿಟ್ಟಿಲ್ಲ ನಾ."

ಒಂದು ವಾರ ಕೊಡಿ ಅಂದರು. ಆಗದಿದ್ದರೆ ಆಗದು. ಕೊನೆಯನ್ನು ಮತ್ತೆ ಬದಲಿಸಲಾರೆ.

ಜಗುಲಿಯಲ್ಲಿ ಅತ್ತೆ, ಪಕ್ಕದಲ್ಲೇ ಚೌಡವ್ವ. ಅತ್ತೆ ಎಳೆಯ ಎಲೆ ಆರಿಸಿ, ಸುಣ್ಣ ಹಚ್ಚಿ, ಮಡಚಿ ಅವಳ ಕೈಗೆ ಕೊಟ್ಟರು. ಚೌಡವ್ವ ಎಂದೂ ಎಲೆ ಹಾಕಿದವಳಲ್ಲ. ಅತ್ತೆಯ ಮುಖ ನೋಡಿದಳು. ತೆಗೆದುಕೊಂಡಳು.

ಇದನ್ನು ಯಾರೂ ಓದುವುದಿಲ್ಲ. ಇಲ್ಲಿಯಾದರೂ ಬರೆದಿಡುತ್ತೇನೆ. ತೌಡಿನಿಂದ ತೆಗೆದಾಗ ಬುಗುಡಿಯ ಮುತ್ತಿನ ಸಂದಿಯಲ್ಲಿ ಸುಣ್ಣ ಮೆತ್ತಿತ್ತು. ಯಾರೂ ನೋಡುವ ಮೊದಲು ಸೆರಗಿನಿಂದ ಒರೆಸಿದೆ. ಈ ಮನೆಯಲ್ಲಿ ಎಲೆ ಹಾಕುವವರು ಒಬ್ಬರೇ. ಅಂದರೆ ಆ ಬುಗುಡಿ ಅಷ್ಟು ದಿನವೂ ಇದ್ದದ್ದು ಗೂಟಕ್ಕೆ ಜೋತುಬಿದ್ದ ಆ —