ತೊಂಬತ್ತಾರು ಡಿಗ್ರಿ

ಕುಣಿಗಲ್, ೧೨ ಆಗಸ್ಟ್ ೨೦೦೪, ಗುರುವಾರ

ಸಿದ್ದಲಕ್ಷ್ಮಮ್ಮನವರ ಮುಖ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಅಂಗನವಾಡಿ ಕೆಲಸ ಮುಗಿಸಿ ನನ್ನ ಕಂಪ್ಯೂಟರ್ ಸೆಂಟರಿಗೆ ಟೈಪಿಂಗ್ ಕಲಿಯಲು ಬರುತ್ತಿದ್ದರು. ಹೋದ ವಾರ ಅವರು ಕೂತಿದ್ದ ಕಂಪ್ಯೂಟರಿನಲ್ಲಿ, ನಾನು ಹಾಕಿದ್ದ ಬಿಸಿ ಅಳೆಯುವ ಸಾಫ್ಟ್‌ವೇರು ಪ್ರೊಸೆಸರ್ ಬಿಸಿ ತೊಂಬತ್ತಾರು ಡಿಗ್ರಿ ಎಂದು ತೋರಿಸಿತು. ಸಿಪಿಯು ಹಿಂದೆ, ಗಾಳಿಯಾಡುವ ಜಾಗದಲ್ಲಿ ಅವರ ಬ್ಯಾಗಿತ್ತು. ಎಲ್ಲರೆದುರು ರೇಗಿದೆ.

"ಮುಟ್ಟಿ ನೋಡಿ ಸಾರ್, ತಣ್ಣಗೈತೆ" ಅಂದರು.

"ನಿಮಗೇನ್ರೀ ಗೊತ್ತಾಗುತ್ತೆ" ಅಂದುಬಿಟ್ಟೆ. ಮರುದಿನದಿಂದ ಅವರು ಬರಲಿಲ್ಲ.

ಇವತ್ತು ತುಮಕೂರಿನಿಂದ ರಿಪೇರಿಗೆ ಗೆಳೆಯ ಶಿವಮೂರ್ತಿ ಬಂದ. ಸಿಪಿಯು ಬಿಚ್ಚಿ, ಪ್ರೊಸೆಸರ್ ಮೇಲೆ ಅದರ ಬಿಸಿ ಹೀರಲು ಕೂರಿಸಿರುವ ಲೋಹದ ಹೀಟ್‌ಸಿಂಕಿಗೆ ಬೆರಳಿಟ್ಟು ನಕ್ಕ. "ಬಿಸೀನೇ ಇಲ್ಲ ಕಣೋ. ನೀನು ಹಾಕಿರೋ ಸಾಫ್ಟ್‌ವೇರು ಈ ಬೋರ್ಡಿಗೆ ಆಗಲ್ಲ, ತಪ್ಪು ತೋರಿಸ್ತೈತೆ." ಸರಿಯಾದದ್ದು ಹಾಕಿದ. ನಲವತ್ತೊಂದು ಡಿಗ್ರಿ.

ಸಂಜೆ ಅವರ ಮನೆಗೆ ಹೋಗಿ ತಪ್ಪಾಯಿತು ಅಂದೆ. ಕಾಫಿ ಕೊಟ್ಟರು. "ಬೇಜಾರೇನಿಲ್ಲ ಬುಡಿ ಸಾರ್. ಈ ವಯಸ್ಸಲ್ಲಿ ಇದೆಲ್ಲ ಆಗಲ್ಲ ಅಂತ ನಂಗೇ ಅನ್ನಿಸ್ತು."

ಅವರಿಗೆ ಹಾಗನ್ನಿಸುವಂತೆ ಮಾಡಿದವನು ನಾನು. ಎಷ್ಟು ಕರೆದರೂ ಬರುತ್ತೇನೆ ಅನ್ನಲಿಲ್ಲ.

ನಿಮಿಷಕ್ಕೆ ಮೂವತ್ತು ಪದ ಹೊಡೆಯುತ್ತಿದ್ದರು, ಕಾಲೇಜು ಹುಡುಗಿಯರಿಗಿಂತ ಚೆನ್ನಾಗಿ. ಆ ಮಾತನ್ನು ಒಂದು ದಿನವಾದರೂ, ಎಲ್ಲರೆದುರು, ಅವರಿಗೆ ಹೇಳಿದ್ದಿದ್ದರೆ...